ಹಾಕದ ಅರ್ಜಿಗೆ ಸಿಕ್ಕ ಚಪ್ಪಾಳೆ

ಬೈಲಹೊಂಗಲ

ಪರದೇಶಕ್ಕೆ ಹೋಗಿ ಬಂದವನಿಗೆ ನಮ್ಮ ಕಡೆ ವರ್ಷಗಟ್ಟಲೆ ಬಿಡುಗಡೆಯಿಲ್ಲ. ನಾನು ಪಶ್ಚಿಮ ಜರ್ಮನಿಯಲ್ಲಿ ಇದ್ದದ್ದು ಹದಿನಾಲ್ಕು ದಿನ, ಅದರ ಬಗ್ಗೆ ಮಾತಾಡಿದ್ದು ಎರಡು ವರ್ಷ. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಪಕ್ಷಗಾರರು, ಕಾರಕೂನರು, ಎದುರು ಪಕ್ಷದ ವಕೀಲರು ಎಲ್ಲರೂ ಕೇಳಿದರು. ಅಲ್ಲಿ ಚಳಿ ಎಷ್ಟು, ಉಣ್ಣಲಿಕ್ಕೆ ಏನು ಸಿಗುತ್ತದೆ, ಹೆಂಗಸರು ಟ್ರಾಮು ಓಡಿಸುವುದು ಖರೆಯೇ? ಎಲ್ಲಕ್ಕೂ ಉಪ್ಪುಖಾರ ಹಚ್ಚಿ ಉತ್ತರ ಹೇಳಿದೆ. ಒಂದು ಸಂಗತಿಯನ್ನು ಮಾತ್ರ ಬಿಟ್ಟು ಹೇಳಿದೆ. ಈಗ ತುರ್ತು ಪರಿಸ್ಥಿತಿ ಮುಗಿದು ಪತ್ರಿಕೆಗಳಿಗೆ ಬಾಯಿ ಬಂದಿದೆ. ಆ ದಿನಗಳಲ್ಲಿ ತಾವು ಎಷ್ಟು ಧೈರ್ಯದಿಂದ ಇದ್ದೆವು ಎಂದು ಎಲ್ಲರೂ ಬರೆಯುತ್ತಿದ್ದಾರೆ. ನಾನು ಎಷ್ಟು ಅಂಜಿದ್ದೆ ಎಂದು ಬರೆಯುವವನೂ ಒಬ್ಬ ಇರಲಿ.

ನಮ್ಮದು ಪೌರೋಹಿತ್ಯದ ಮನೆತನ. ಅಪ್ಪ ಪಂಚಾಂಗ ಹಿಡಿದುಕೊಂಡು ಊರೂರು ತಿರುಗಿದವರು. ಮನೆಯಲ್ಲಿ ಕರಿ ಕೋಟು ಹಾಕಿದವನು ನಾನೇ ಮೊದಲಿಗ. ಜರ್ಮನಿಯ ಒಂದು ಸಂಸ್ಥೆ ಹೊಸದಾಗಿ ಸ್ವಾತಂತ್ರ್ಯವನ್ನೋ ಪ್ರಜಾಪ್ರಭುತ್ವವನ್ನೋ ಕಂಡ ದೇಶಗಳ ವಕೀಲರನ್ನು ಕರೆದು ವಿಚಾರ ಸಂಕಿರಣ ನಡೆಸುತ್ತಿತ್ತು. ಎಳೆಯ ಪ್ರಜಾಪ್ರಭುತ್ವವನ್ನು ನ್ಯಾಯಾಲಯಗಳು ಹೇಗೆ ಕಾಯಬೇಕು ಎಂಬುದು ವಿಷಯ. ಧಾರವಾಡದ ನನ್ನ ಗುರುಗಳಿಗೆ ಬಂದ ಆಮಂತ್ರಣ ಅದು. ಅವರ ಮೊಣಕಾಲು ನೋವಿನಿಂದಾಗಿ ನನ್ನ ಪಾಲಿಗೆ ಬಂತು. ಎಪ್ಪತ್ತಾರರ ಮೇ ತಿಂಗಳಲ್ಲಿ ಹೊರಡುವುದೆಂದು ನಿಶ್ಚಯವಾಯಿತು, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ಆ ಅರ್ಜಿ ಹಾಕಿದ ವಾರವೇ, ಎಪ್ಪತ್ತೈದರ ದೀಪಾವಳಿ ಆದ ಮೇಲೆ, ರಾಮದುರ್ಗದಿಂದ ಚಂದ್ರವ್ವ ಎಂಬ ಹೆಣ್ಣುಮಗಳು ಬಂದಳು. ಗಂಡ ಸಿದ್ರಾಮ ಟೇಲರು. ಬೌದ್ಧ ಧರ್ಮ ತೆಗೆದುಕೊಂಡ ಕುಟುಂಬ. ಅಂಗಡಿಯ ಗೋಡೆಗೆ ಸಂವಿಧಾನ ಬರೆದವರ ಪಟ ಹಾಕಿ, ಅದರ ಕೆಳಗೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕಾನೂನಿನ ದಾರಿ ಬಿಟ್ಟು ಯಾರ ಸ್ವಾತಂತ್ರ್ಯವನ್ನೂ ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಬರೆದಿದ್ದ. ತುರ್ತು ಪರಿಸ್ಥಿತಿ ಬಂದ ಮೇಲೆ ಪೊಲೀಸರು ಅದನ್ನು ತೆಗೆ ಎಂದರು, ಅವನು ತೆಗೆಯಲಿಲ್ಲ. ಹಲಗೆಯನ್ನೂ ಅವನನ್ನೂ ಕೂಡಿಯೇ ಒಯ್ದರು.

"ಸಾಹೇಬ್ರ, ಒಯ್ದು ತಿಂಗಳ ಮ್ಯಾಲಾತ್ರಿ. ಯಾಕ ಒಯ್ದಾರ ಅಂತ ಒಂದ ಕಾಗದ ಸೈತ ಕೊಟ್ಟಿಲ್ಲ" ಅಂದಳು.

"ರಾಮದುರ್ಗದಾಗ ವಕೀಲ್ರು ಇಲ್ಲೇನವಾ?"

"ಅದಾರ್ರಿ. ಎಲ್ಲಾರೂ ಕೈ ಮುಗದ ಕಳಿಸಿದ್ರು. ನೀವು ನಮ್ಮೂರ ಸಾಲ್ಯಾಗ ಜನವರಿ ಇಪ್ಪತ್ತಾರಕ್ಕ ಭಾಷಣ ಮಾಡಿದ್ರಲ್ಲರಿ, ಸರಕಾರ ಆದ್ರೂ ಕೋರ್ಟಿನ ಮುಂದ ನಿಂತು ಜವಾಬ ಕೊಡಬೇಕು ಅಂತ? ನಮ್ಮವ್ರು ಮನ್ಯಾಗ ದಿನಾ ಅದನ್ನ ಹೇಳತಿದ್ರು. ಹಲಗಿ ಬರದದ್ದೂ ನಿಮ್ಮ ಭಾಷಣ ಕೇಳಿನ."

ಆ ಭಾಷಣ ನನಗೆ ನೆನಪಿತ್ತು. ಚಹಾ, ಅವಲಕ್ಕಿ, ಹಾರ ಎಲ್ಲ ಸಿಕ್ಕಿತ್ತು. ಕೇಳಿದವರಲ್ಲಿ ಒಬ್ಬ ಅದನ್ನು ಖರೆ ಎಂದು ನಂಬಿ ಹಲಗೆಯ ಮೇಲೆ ಬರೆದಾನೆಂದು ಅನಿಸಿರಲಿಲ್ಲ.

ಆಕೆ ಮತ್ತೆ ಕೇಳಿದಳು. "ನಾನ ಕೋರ್ಟಿಗೆ ಒಂದ ಪತ್ರ ಬರದ್ರ ನಡಿಯೂದಿಲ್ಲೇನ್ರಿ? ಏಳನೇ ಇಯತ್ತೆ ಕಲ್ತೇನಿ, ಬರಿಯಾಕ ಬರತೈತಿ."

ನಾನು ನಕ್ಕೆ. "ಕೋರ್ಟು ಅಂದ್ರ ಪೋಸ್ಟ್ ಆಫೀಸ ಅಲ್ಲವಾ. ಅದಕ್ಕ ಅದರದ ಪದ್ಧತಿ ಅದ. ಆತು, ಮಾಡೋಣು. ಈ ವಕಾಲತ್ತಿನ ಮ್ಯಾಲ ಸಹಿ ಮಾಡು."

ಇದು ನಮ್ಮ ತಾಲೂಕು ಕೋರ್ಟಿನ ಪದ್ಧತಿ. ಬಂದ ಪಕ್ಷಗಾರನಿಗೆ ಇಲ್ಲ ಅನ್ನುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಆತು, ಮಾಡೋಣು ಅಂತ ವಕಾಲತ್ತಿಗೆ ಸಹಿ ತೆಗೆದುಕೊಳ್ಳುತ್ತೇವೆ, ಆಮೇಲೆ ಮುದ್ದತ್ತಿನ ಮೇಲೆ ಮುದ್ದತ್ತು ಬೇಡಿ ಮುಂದಿನ ತಾರೀಖಿಗೆ ತಳ್ಳುತ್ತೇವೆ. ಪಕ್ಷಗಾರನಿಗೆ ಮನಸ್ಸು ನೋಯುವುದಿಲ್ಲ, ನಮಗೆ ಪಕ್ಷಗಾರ ತಪ್ಪುವುದಿಲ್ಲ. ಹೊಲದ ಬಾಂದಿನ ಜಗಳಕ್ಕೆ ಇದು ನಡೆಯುತ್ತದೆ. ಬಾಂದು ಎಲ್ಲಿಗೂ ಓಡಿಹೋಗುವುದಿಲ್ಲ.

ಸಿದ್ರಾಮನ ಅರ್ಜಿ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕಿತ್ತು. ಆ ತಿಂಗಳುಗಳಲ್ಲಿ ದೇಶದ ಹಲವು ಹೈಕೋರ್ಟುಗಳು, ನಮ್ಮದೂ ಸೇರಿ, ಇಂಥ ಅರ್ಜಿಗಳನ್ನು ಕೇಳಲು ಒಪ್ಪಿದ್ದವು. ನಾನು ಅರ್ಜಿ ಬರೆಯಲು ಕೂತ ದಿನವೇ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಹವಾಲ್ದಾರ ಮನೆಗೆ ಬಂದ. ಚಹಾ ಕುಡಿದು ಮೀಸೆ ಒರೆಸಿಕೊಂಡು, "ಸಾಹೇಬ್ರ ಮ್ಯಾಲ ಹಂಥಾದ್ದೇನೂ ಇಲ್ಲ ಬಿಡ್ರಿ. ಮೀಸಾ ಗೀಸಾ ಕೇಸ ಹಿಡದವ್ರದಷ್ಟ ವರದಿ ಮ್ಯಾಲ ಕಳಸಾಕ ಹೇಳ್ಯಾರ" ಎಂದು ನಕ್ಕ. ಮೀಸಾ ಅಂದರೆ ವಿಚಾರಣೆಯಿಲ್ಲದೆ ಒಳಗೆ ಹಾಕುವ ಕಾಯ್ದೆ. ಅವನು ಬೆದರಿಸಲೆಂದು ಹೇಳಲಿಲ್ಲ, ಸುಮ್ಮನೆ ಹೇಳಿದ. ನನಗೆ ಅಷ್ಟು ಸಾಕಾಯಿತು. ಬರೆಯುತ್ತಿದ್ದ ಹಾಳೆಯನ್ನು ವಕಾಲತ್ತಿನ ಜೊತೆ ಮಡಚಿ ಕಪಾಟಿನಲ್ಲಿಟ್ಟೆ. ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಹಾಕಿದರಾಯಿತು ಎಂದು ನನಗೆ ನಾನೇ ಮುದ್ದತ್ತು ಕೊಟ್ಟುಕೊಂಡೆ.

ಚಂದ್ರವ್ವ ಆಮೇಲೆ ಮೂರು ಸಲ ಬಂದಳು. ರಾಮದುರ್ಗದಿಂದ ಸವದತ್ತಿ, ಅಲ್ಲಿಂದ ಮುರಗೋಡದ ಮೇಲೆ ಹಾದು ಬೈಲಹೊಂಗಲ, ಬರುವಷ್ಟರಲ್ಲಿ ಮಧ್ಯಾಹ್ನ. ಮೊದಲ ಎರಡು ಸಲ ಬೆಂಗಳೂರಿನಲ್ಲಿ ಮಾತಾಡಿದ್ದೇನೆ ಅಂದೆ. ಮಾರ್ಚಿನಲ್ಲಿ ಪಾಸ್‌ಪೋರ್ಟು ಬಂತು. ಆಗ ರಿಸರ್ವ್ ಬ್ಯಾಂಕಿನ ಪರವಾನಗಿಯ ನೆಪವಾಯಿತು. ಏಪ್ರಿಲ್ ಕೊನೆಗೆ ದೆಹಲಿಯ ದೊಡ್ಡ ಕೋರ್ಟು ತೀರ್ಪು ಕೊಟ್ಟಿತು. ತುರ್ತು ಪರಿಸ್ಥಿತಿ ಇರುವ ತನಕ, ಬಂಧನದಲ್ಲಿರುವವರು ಬಿಡುಗಡೆ ಕೇಳಿ ಯಾವ ಹೈಕೋರ್ಟಿನ ಬಾಗಿಲನ್ನೂ ಬಡಿಯುವಂತಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ.

ಆ ಸುದ್ದಿ ಓದಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಹಗುರ. ಇನ್ನು ಅರ್ಜಿ ಹಾಕಬೇಕಾಗಿಲ್ಲವಲ್ಲ ಎಂಬ ಹಗುರ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮೂರನೆಯ ಸಲ ಬಂದ ಚಂದ್ರವ್ವನಿಗೆ, "ದೊಡ್ಡ ಕೋರ್ಟ ಬಾಗಲಾ ಹಾಕೇದವಾ, ಇನ್ನ ನಾ ಏನ ಮಾಡ್ಲಿ?" ಅಂದೆ. ತನ್ನ ಗಂಡನ ಅರ್ಜಿಯೇ ಅಲ್ಲಿ ಬಿದ್ದುಹೋಯಿತೆಂದು ಆಕೆ ತಿಳಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನೀವಾದ್ರೂ ಏನ ಮಾಡ್ತೀರಿ ಬಿಡ್ರಿ, ಎಂದು ನನಗೇ ಸಮಾಧಾನ ಹೇಳಿ ಹೋದಳು. ನಾನು ತಿದ್ದಲಿಲ್ಲ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ

ವಿಮಾನದ ವರ್ಣನೆ ಬೇಡ. ಕಿವಿ ಮುಚ್ಚಿಕೊಂಡವು, ಪಕ್ಕದವನು ಗೊರಕೆ ಹೊಡೆದ.

ಹೆಂಡತಿ ಸೂಟ್‌ಕೇಸಿನಲ್ಲಿ ನಲವತ್ತು ಕಡಕ್ ರೊಟ್ಟಿ ಮತ್ತು ಒಂದು ಡಬ್ಬಿ ಗುರೆಳ್ಳು ಚಟ್ನಿ ಇಟ್ಟಿದ್ದಳು. "ಅಲ್ಲೆ ಮಂದಿ ಏನೇನ ತಿಂತಾರೋ ಏನೋ. ನೀವು ಭಿಡೇಕ್ಕ ಬಿದ್ದು ತಿಂದುಗಿಂದೀರಿ" ಎಂದಿದ್ದಳು. ನಾನು ಭಿಡೆಗೆ ಬೀಳುವವನೆಂದು ಆಕೆಗೆ ಗೊತ್ತಿತ್ತು. ಡಬ್ಬಿಯ ಮುಚ್ಚಳ ದಾರಿಯಲ್ಲಿ ಸಡಿಲಾಗಿ ಚಟ್ನಿಯೆಲ್ಲ ಕರಿ ಕೋಟಿನ ಮೇಲೆ ಚೆಲ್ಲಿತ್ತು. ಸುಂಕದ ಅಧಿಕಾರಿ ಆ ಕಪ್ಪು ಪುಡಿಯನ್ನು ಬೆರಳಲ್ಲಿ ಹಿಡಿದು ಮೂಸಿದ, ಸೀನಿದ, ಇನ್ನೊಬ್ಬನನ್ನು ಕರೆದ. ಅವನೂ ಸೀನಿದ. ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದರು. ತಿನ್ನುವುದು ಎಂದು ಸನ್ನೆ ಮಾಡಿದೆ. ನಂಬಲಿಲ್ಲ. ನಾನು ಅವರ ಮುಂದೆಯೇ ಮುರಿದು ಕಟಂ ಕಟಂ ತಿಂದು ತೋರಿಸಬೇಕಾಯಿತು. ಇಬ್ಬರೂ ಗಂಭೀರವಾಗಿ ನೋಡಿ, ನಾನು ನುಂಗಿದ್ದು ಖಾತ್ರಿಯಾದ ಮೇಲೆ ಬಿಟ್ಟರು.

ನಮ್ಮಲ್ಲಾದರೆ ಅಧಿಕಾರಿ ಒಂದು ತುಂಡು ತಾನೂ ತಿಂದು, ನಿಮ್ಮ ಮನಿ ಜೋಳ ಯಾವೂರದು ಎಂದು ಕೇಳುತ್ತಿದ್ದ. ಇವರು ಚಟ್ನಿ ಬಿದ್ದ ಮೇಜನ್ನು ಬಟ್ಟೆಯಿಂದ ಒರೆಸಿ, ನನಗೆ ಸಲಾಮು ಹೊಡೆದು ಕಳಿಸಿದರು.

ಕಾರ್ಲ್ಸ್‌ರೂಹೆ, ಮೊದಲ ದಿನ

ಈ ಊರಿನ ಬೀದಿಗಳು ಅರಮನೆಯಿಂದ ಹೊರಟು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಯಾವ ಬೀದಿಯಲ್ಲಿ ನಿಂತು ನೋಡಿದರೂ ಅರಮನೆ ಕಾಣಬೇಕೆಂದು ರಾಜ ಹಾಗೆ ಕಟ್ಟಿಸಿದನಂತೆ. ಈಗ ರಾಜ ಇಲ್ಲ. ಅರಮನೆಯ ಮಗ್ಗುಲಿಗೇ ದೇಶದ ಸಂವಿಧಾನ ನ್ಯಾಯಾಲಯ ಇದೆ.

ನನಗೆ ಕೋಣೆ ಕೊಟ್ಟವರು ಫ್ರೌ, ಅಂದರೆ ಶ್ರೀಮತಿ, ವೇಬರ್ ಎಂಬ ಅರವತ್ತು ದಾಟಿದ ವಿಧವೆ. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರ ಬಟ್ಟೆ ಒಗೆದು ಇಂಗ್ಲಿಷ್ ಕಲಿತವರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಅವರಿಗೆ ಚಿಂತೆಯಾಯಿತು, ಆಮೇಲೆ ಮುಖ ಅರಳಿತು. ಮೇ ತಿಂಗಳಲ್ಲಿ ಮಾತ್ರ ಸಿಗುವ ಒಂದು ಬಿಳಿ ತರಕಾರಿಯನ್ನು ಬೇಯಿಸಿ, ಮೇಲೆ ಬೆಣ್ಣೆ ಸುರಿದು ತಂದಿಟ್ಟರು. ಬೆರಳಿನಷ್ಟು ದಪ್ಪ, ಗೇಣುದ್ದ. ನಾನು ನೋಡಿದ ಕೂಡಲೇ ನುಗ್ಗಿಕಾಯಿ ಎಂದು ತೀರ್ಮಾನಿಸಿದೆ. ಒಂದೊಂದನ್ನೇ ಕೈಯಲ್ಲಿ ಹಿಡಿದು, ಹಲ್ಲಿನಿಂದ ಜಗಿದು ರಸ ಹೀರಿ, ಉಳಿದದ್ದನ್ನು ತಟ್ಟೆಯ ಅಂಚಿಗೆ ಓರಣವಾಗಿ ಪೇರಿಸಿದೆ. ಫ್ರೌ ವೇಬರ್ ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ ತಮ್ಮ ತಟ್ಟೆ ಎಳೆದುಕೊಂಡು, ಒಂದು ಇಡೀ ದಂಟನ್ನು ಕತ್ತರಿಸಿ ಸಂಪೂರ್ಣ ತಿಂದು ನುಂಗಿ, ನನ್ನ ಕಡೆ ನೋಡಿ ಮೆಲ್ಲಗೆ ನಕ್ಕರು. ಅಂಥ ಮರ್ಯಾದೆಯಿಂದ ನನ್ನ ತಪ್ಪನ್ನು ಯಾರೂ ತಿದ್ದಿರಲಿಲ್ಲ.

ಮೂರನೆಯ ದಿನ, ಸಂಕಿರಣ

ಹನ್ನೆರಡು ದೇಶಗಳಿಂದ ಬಂದ ಇಪ್ಪತ್ತು ಮಂದಿ ದುಂಡು ಮೇಜಿನ ಸುತ್ತ ಕೂತೆವು. ನನ್ನ ಎದುರಿಗೆ ಗ್ರೀಸಿನ ಎಲೆನಿ ಎಂಬ ವಕೀಲೆ ಇದ್ದರು. ಅವರ ದೇಶದಲ್ಲಿ ಏಳು ವರ್ಷ ಸೈನಿಕರ ಆಳ್ವಿಕೆ ಇತ್ತು. ಆ ಕಾಲದಲ್ಲಿ ಬಂಧಿತರ ಪರವಾಗಿ ನಿಂತು ತಾವೂ ಎಂಟು ತಿಂಗಳು ಒಳಗಿದ್ದವರು. ಅದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದರು.

ನನ್ನ ಸರದಿ ಬಂದಾಗ ನಾನು ಒಂದು ವಾಕ್ಯದಲ್ಲಿ ಮುಗಿಸಲಿಲ್ಲ. ಕಿತ್ತೂರಿನ ರಾಣಿಯ ಕಥೆ ಹೇಳಿದೆ. ಕಂಪನಿ ಸರ್ಕಾರದ ಎದುರು ಕತ್ತಿ ಹಿರಿದವಳು, ಅವಳ ಸಮಾಧಿ ನನ್ನ ಊರಿನಲ್ಲೇ ಇದೆ, ನಾವು ಆ ಮಣ್ಣಿನ ಜನ ಎಂದೆ. ಕೇಳುವವರ ಕಣ್ಣು ಹೊಳೆದವು. ಹಿಂದೆ, ಕೇಳಲು ಬಂದವರ ಸಾಲಿನಲ್ಲಿ, ಒಬ್ಬ ಯುವಕ ಎದೆ ಸೆಟೆಸಿ ಕೂತ. ಅವನು ಶಂಕರಗೌಡ, ರಾಮದುರ್ಗದ ಹತ್ತಿರದ ತೊರಗಲ್ಲಿನವನು, ಕಾರ್ಲ್ಸ್‌ರೂಹೆಯ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಓದುತ್ತಿದ್ದ. ಬೈಲಹೊಂಗಲದ ವಕೀಲರು ಬಂದಿದ್ದಾರೆಂದು ಕೇಳಿ ಕನ್ನಡ ಮಾತಾಡುವ ಆಸೆಯಿಂದ ಬಂದು ಕೂತಿದ್ದ.

ಆಗ ಎಲೆನಿ ಕೇಳಿದರು. "ನಿಮ್ಮ ದೊಡ್ಡ ನ್ಯಾಯಾಲಯದ ಹೋದ ತಿಂಗಳ ತೀರ್ಪನ್ನು ಇಲ್ಲಿಯ ಪತ್ರಿಕೆಯಲ್ಲಿ ಓದಿದೆ. ಅದಕ್ಕೆ ಮೊದಲು ನಿಮ್ಮ ಊರಿನಿಂದ ಬಂಧಿತರ ಪರವಾಗಿ ಯಾರಾದರೂ ಅರ್ಜಿ ಹಾಕಿದ್ದರೇ?"

ಕೇಳಿದ್ದು ಸಾದಾ ಪ್ರಶ್ನೆ. ಇಲ್ಲ ಅನ್ನಬಹುದಿತ್ತು. ಕಿತ್ತೂರಿನ ಕತ್ತಿಯನ್ನು ಈಗಷ್ಟೇ ಒರೆಯಿಂದ ಹಿರಿದು ತೋರಿಸಿದ್ದೆ, ಅದನ್ನು ಹೇಗೆ ಒಳಗೆ ಹಾಕಲಿ? "ನಾನು ಹಾಕಿದ್ದೆ" ಅಂದೆ. "ಒಬ್ಬ ಟೇಲರನ ಪರವಾಗಿ. ಸಿದ್ರಾಮ ಅವನ ಹೆಸರು. ತೀರ್ಪು ಬಂದ ಮೇಲೆ ಅದು ಬಿದ್ದುಹೋಯಿತು." ಹಲಗೆಯ ಕಥೆಯನ್ನೂ ಹೇಳಿದೆ. ಅದು ಮಾತ್ರ ಖರೆಯಿತ್ತು, ಅದಕ್ಕೇ ಚೆನ್ನಾಗಿ ಹೇಳಲು ಬಂತು.

ಎಲೆನಿ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಎಂಟು ತಿಂಗಳು ಜೈಲಿನಲ್ಲಿದ್ದ ಆ ಕೈಗಳನ್ನು ನಾನು ಬಿಡಿಸಿಕೊಳ್ಳಲಿಲ್ಲ. ನನ್ನ ಅಂಗೈ ಬೆವತಿತ್ತು. ಅದನ್ನು ಅವರು ಭಾವಾವೇಶ ಎಂದು ತಿಳಿದಿರಬೇಕು.

ಹೊರಗೆ ಬಂದಾಗ ಶಂಕರಗೌಡ ನನ್ನ ಕಾಲಿಗೇ ಬಿದ್ದ. "ಸರ್, ನಮ್ಮ ಕಡೆ ಮಂದಿ ಬಾಯಿ ಮುಚಕೊಂಡ ಕುಂತಾರ ಅಂತ ಇಲ್ಲೆ ಎಲ್ಲಾರೂ ಅಂತಾರ್ರಿ. ಇವತ್ತ ನನಗ ತಲಿ ಎತ್ತಿ ನಡಿಯೂಹಂಗ ಮಾಡಿದ್ರಿ. ನಮ್ಮಪ್ಪಗ ಇವತ್ತ ಪತ್ರ ಬರೀತೇನಿ."

"ಬ್ಯಾಡ ಬ್ಯಾಡ" ಅಂದೆ. "ಪತ್ರಾ ಒಡದು ಓದ್ತಾರ ಈಗ."

"ಮೀಸಾ ಗೀಸಾ ಅಂತ ಬರಿಯೂದಿಲ್ರಿ. ಟೇಲರ್ ಸಿದ್ರಾಮನ ಅರ್ಜಿ ಕೆಲಸಾ ಮಾಡ್ಯಾರ, ಇಲ್ಲೆ ಮಂದಿ ಮುಂದ ಹೇಳಿದ್ರು ಅಂತಷ್ಟ ಬರೀತೇನಿ, ಅಪ್ಪಗ ತಿಳೀತೈತಿ."

ನನ್ನ ಅಂಜಿಕೆಯನ್ನೂ ಅವನು ವಿನಯವೆಂದು ತಿಳಿದ.

ಐದನೆಯ ದಿನ, ಗಾಜಿನ ಕೋರ್ಟು

ಸಂವಿಧಾನ ನ್ಯಾಯಾಲಯ ನೋಡಲು ಕರೆದೊಯ್ಯುವ ದಿನ ನಾನು ಕರಿ ಕೋಟು ಹಾಕಿ, ಕೊರಳಿಗೆ ಬಿಳಿ ಬ್ಯಾಂಡು ಕಟ್ಟಿಕೊಂಡು ಹೊರಟೆ. ಕೋರ್ಟಿಗೆ ಹೋಗುವುದೆಂದರೆ ಬ್ಯಾಂಡು ಕಟ್ಟದೆ ಹೋಗುವುದು ಹೇಗೆ? ಟ್ರಾಮಿನಲ್ಲಿ ಒಬ್ಬ ಮುದುಕ ಎದ್ದು ಜಾಗ ಕೊಟ್ಟ. ಒಬ್ಬ ಹೆಂಗಸು ತಲೆ ಬಾಗಿಸಿದಳು. ಇಷ್ಟೊಂದು ಮರ್ಯಾದೆ ವಕೀಲರಿಗೆ ಇದೆಯಲ್ಲ ಎಂದು ಹಿಗ್ಗಿದೆ. ಇಳಿದ ಮೇಲೆ, ಜೊತೆಗೆ ಬಂದಿದ್ದ ಶಂಕರಗೌಡ ಹೇಳಿದ, ಅಲ್ಲಿ ಅಂಥ ಬಿಳಿ ಬ್ಯಾಂಡು ಕಟ್ಟುವವರು ಚರ್ಚಿನ ಪಾದ್ರಿಗಳು. ಪೌರೋಹಿತ್ಯ ಬಿಟ್ಟು ಓಡಿ ಬಂದವನನ್ನು ಅದು ಜರ್ಮನಿಯ ಟ್ರಾಮಿನಲ್ಲಿ ಬಂದು ಹಿಡಿದಿತ್ತು. ಉಳಿದವರೆಲ್ಲ ಸಾದಾ ಅಂಗಿಯಲ್ಲಿ ಬಂದಿದ್ದರು. ಎಲೆನಿ ಮಾತ್ರ, ನಿಮಗೆ ಈ ಉಡುಪು ಒಪ್ಪುತ್ತದೆ ಅಂದರು.

ಕೋರ್ಟು ಅಂದರೆ ಕಲ್ಲಿನ ಕಂಬ, ಕತ್ತಲೆ ಪಡಸಾಲೆ, ಬಾಗಿಲಲ್ಲಿ ಕೂಗುವ ಪಟ್ಟೇವಾಲ ಎಂದು ತಿಳಿದ ನನಗೆ ಅದು ಕೋರ್ಟೆಂದೇ ಅನ್ನಿಸಲಿಲ್ಲ. ತಗ್ಗಾದ ಚೌಕು ಕಟ್ಟಡಗಳು, ಗೋಡೆಯ ಜಾಗದಲ್ಲಿ ಗಾಜು. ಒಳಗೆ ಓಡಾಡುವವರು ತೋಟದಲ್ಲಿ ನಿಂತವರಿಗೆ ಕಾಣುತ್ತಾರೆ. ಹಿಂದಿನ ಕಾಲದ ನ್ಯಾಯಾಧೀಶರು ಮುಚ್ಚಿದ ಕೋಣೆಯೊಳಗೆ ಸರ್ವಾಧಿಕಾರಕ್ಕೆ ಬಾಗಿದರು, ಅದಕ್ಕೆ ಈ ಸಲ ಗಾಜು ಹಾಕಿ ಕಟ್ಟಿದ್ದೇವೆ ಎಂದು ತೋರಿಸುತ್ತಿದ್ದ ಅಧಿಕಾರಿ ನಗೆಯಾಡಿದ.

ಆಮೇಲೆ ನಮ್ಮನ್ನು ಟಪಾಲು ಬರುವ ಕೋಣೆಗೆ ಕರೆದೊಯ್ದ. ಮೇಜಿನ ಮೇಲೆ ಪತ್ರಗಳ ರಾಶಿ. ಕೆಲವು ಬೆರಳಚ್ಚು ಮಾಡಿದವು, ಬಹಳಷ್ಟು ಕೈಬರಹದವು. ಒಂದು ಶಾಲಾ ಮಕ್ಕಳ ಗೆರೆ ವಹಿಯಿಂದ ಹರಿದ ಹಾಳೆ. ಸರ್ಕಾರ ತನ್ನ ಮೂಲಭೂತ ಹಕ್ಕು ಮುರಿದಿದೆ ಎಂದು ಅನಿಸಿದ ಯಾವ ಮನುಷ್ಯನೂ ಈ ಕೋರ್ಟಿಗೆ ನೇರ ದೂರು ಬರೆಯಬಹುದಂತೆ. ವಕೀಲ ಬೇಕೇ ಬೇಕೆಂದಿಲ್ಲ. ಶುಲ್ಕ ಇಲ್ಲ. ಜೈಲಿನಿಂದಲೂ ಬರೆಯುತ್ತಾರೆ.

"ಎಲ್ಲವನ್ನೂ ಓದುತ್ತೀರಾ?" ಎಂದು ಯಾರೋ ಕೇಳಿದರು.

"ಓದುತ್ತೇವೆ. ಹೆಚ್ಚಿನವು ನಿಲ್ಲುವುದಿಲ್ಲ. ಆದರೆ ನಿಲ್ಲುವುದಿಲ್ಲ ಎಂದು ಉತ್ತರ ಬರೆಯುತ್ತೇವೆ" ಅಂದ ಅವನು. "ನ್ಯಾಯಾಲಯ ತಾನಾಗಿ ಎದ್ದು ಹೋಗಿ ಯಾರನ್ನೂ ಕಾಯಲಾರದು. ಯಾರಾದರೂ ಬಂದು ಎಬ್ಬಿಸಬೇಕು."

ನನ್ನ ಕಣ್ಣು ಆ ಗೆರೆ ಹಾಳೆಯ ಮೇಲಿತ್ತು. ಕೋರ್ಟು ಅಂದರೆ ಪೋಸ್ಟ್ ಆಫೀಸ್ ಅಲ್ಲ ಎಂದು ನಾನು ನಕ್ಕು ಹೇಳಿದ ಮಾತು ಆ ಕೋಣೆಯಲ್ಲಿ ನಿಂತು ನೆನಪಾಯಿತು. ಏಳನೇ ಇಯತ್ತೆ ಕಲಿತ ಹೆಣ್ಣುಮಗಳಿಗೆ ಹೊಳೆದದ್ದನ್ನು ಒಂದು ದೇಶ ಕಾನೂನು ಮಾಡಿಟ್ಟಿದೆ. ಅದನ್ನು ಎರಡು ಪದವಿ ಪಡೆದ ನಾನು ತಮಾಷೆ ಮಾಡಿ ಕಳಿಸಿದ್ದೆ. ದೆಹಲಿಯ ಆ ನಾಲ್ವರನ್ನು ನಾವು ವಕೀಲರು ಬೇವಿನ ಮರದ ಕೆಳಗೆ ಪಿಸುಮಾತಿನಲ್ಲಿ ಬಯ್ಯುತ್ತಿದ್ದೆವು. ಅವರ ಮುಂದೆ ಅರ್ಜಿಯಾದರೂ ಇತ್ತು, ಎಲ್ಲರೆದುರು ಇಲ್ಲ ಎಂದರು. ನಮ್ಮೂರಿನ ಅರ್ಜಿಯನ್ನು ಕೊಂದವನು ನಾನು, ಅದೂ ಯಾರಿಗೂ ಕಾಣದ ಹಾಗೆ. ಅಲ್ಲಿಂದ ಹೊರಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕೊರಳಿನ ಬ್ಯಾಂಡು ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡದ್ದು.

ಶಂಕರಗೌಡನಿಗಾದರೂ ಖರೆ ಹೇಳಿಬಿಡೋಣ ಎಂದು ಅರಮನೆಯ ತೋಟದ ಬೆಂಚಿನ ಮೇಲೆ ಕೂರಿಸಿಕೊಂಡೆ. ಬಾಯಿ ತೆರೆಯುವ ಮೊದಲೇ ಅವನು ಅಂದ, "ಸರ್, ಪತ್ರ ಆವತ್ತ ಹಾಕೇನ್ರಿ. ಇಷ್ಟೊತ್ತಿಗೆ ಮುಂಬಯಿ ಮುಟ್ಟಿರತೈತಿ." ನಾನು ತೋಟದ ಹೂವಿನ ಬಗ್ಗೆ ಮಾತಾಡಿದೆ.

ಫ್ರೌ ವೇಬರ್ ಅವರ ಅಡುಗೆಮನೆ

ಆ ಸಂಜೆ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಅಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗಲು ಬಹಳ ಹೊತ್ತು ಮಾಡುತ್ತಾನೆ. ಫ್ರೌ ವೇಬರ್ ನನ್ನ ಕೋಟಿಗೆ ಅಂಟಿದ ಚಟ್ನಿಯ ಎಣ್ಣೆ ಕಲೆಯನ್ನು ಬಿಸಿನೀರಿನಲ್ಲಿ ತಿಕ್ಕುತ್ತಿದ್ದರು. ಬೆಳಗ್ಗೆ ನನ್ನನ್ನು ಆ ವೇಷದಲ್ಲಿ ನೋಡಿದಾಗ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಬೇಕು ಅನಿಸಿತು ಎಂದು ನಕ್ಕರು. ಆಮೇಲೆ ತಿಕ್ಕುವುದನ್ನು ನಿಲ್ಲಿಸದೆ ಹೇಳಿದರು.

"ನನ್ನ ಗಂಡ ಸರ್ವಾಧಿಕಾರದ ಆ ಕಾಲದಲ್ಲಿ ನ್ಯಾಯಾಧೀಶರಾಗಿದ್ದರು. ಸಣ್ಣ ಕೋರ್ಟು. ಕೆಟ್ಟ ಮನುಷ್ಯರಲ್ಲ. ಜನರನ್ನು ಎಳೆದೊಯ್ಯುವ ಕಾಗದ ಎದುರಿಗೆ ಬಂತು, ಸಹಿ ಮಾಡಿದರು. ನನಗೂ ಗೊತ್ತಿತ್ತು, ಊಟಕ್ಕೆ ಬಡಿಸಿದೆ. ಯುದ್ಧ ಮುಗಿದ ಮೇಲೆ ಅವರಿಗೆ ಹೇಳಿಕೊಳ್ಳಬೇಕು ಅನಿಸಿತು. ಯಾರಿಗೆ ಹೇಳಬೇಕಿತ್ತೋ ಅವರು ಯಾರೂ ಉಳಿದಿರಲಿಲ್ಲ. ಹದಿನಾಲ್ಕು ವರ್ಷ ಈ ಕುರ್ಚಿಯಲ್ಲಿ ಕೂತು ಸತ್ತರು."

ನಾನು ಪಾದ್ರಿಯಲ್ಲ, ಆದರೂ ಕೇಳಿದೆ. ಕೇಳಿದ ಮೇಲೆ ನನ್ನದನ್ನೂ ಹೇಳಿದೆ. ಪಾಸ್‌ಪೋರ್ಟು, ಕಪಾಟು, ಚಪ್ಪಾಳೆ, ಎಲ್ಲ. ಅವರು ನನ್ನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೋಟನ್ನು ಹಿಂಡಿ ಕೊಡವಿ ಕುರ್ಚಿಯ ಬೆನ್ನಿಗೆ ಹರವಿದರು.

"ಆ ಹೆಂಗಸು ಇದ್ದಾಳಲ್ಲ?" ಎಂದು ಕೇಳಿದರು.

"ಇದ್ದಾಳೆ."

"ಹಾಗಾದರೆ ನನಗೆ ಯಾಕೆ ಹೇಳುತ್ತೀರಿ?"

ಉಳಿದ ಒಂಬತ್ತು ದಿನ ಏನು ನೋಡಿದೆ ಎಂದು ಕೇಳಿದರೆ ಹೇಳಬಲ್ಲೆ. ರೈನ್ ನದಿ ನೋಡಿದೆ, ಗಡಿಯಾರದ ಗೋಪುರ ನೋಡಿದೆ, ಕರಿ ಕಾಡು ಎಂದು ಕರೆಯುವ ಅಡವಿಯಲ್ಲಿ ದಾರಿ ತಪ್ಪಿ ಒಂದು ದನದ ಕೊಟ್ಟಿಗೆಗೆ ಹೋಗಿ ನಿಂತೆ. ಕೊನೆಯ ದಿನ ಸಂಕಿರಣದಲ್ಲಿ ಎದ್ದು ನಿಂತು ಖರೆ ಹೇಳುವುದೆಂದು ನಿಶ್ಚಯ ಮಾಡಿದ್ದೆ. ಅಧ್ಯಕ್ಷರು ನನ್ನ ಹೆಸರನ್ನು ವಿಶೇಷವಾಗಿ ಎತ್ತಿ ಹೇಳಿದರು. ನಾನು ಎದ್ದೆ, ಕೈ ಮುಗಿದೆ, ಕೂತೆ.

ಸವದತ್ತಿ ದಾಟಿ ರಾಮದುರ್ಗ

ಊರಿಗೆ ಬಂದ ನಾಲ್ಕನೆಯ ದಿನ ಬಸ್ಸು ಹಿಡಿದೆ. ಇದೂ ಪ್ರವಾಸದ ಭಾಗವೇ, ಯಾಕೆಂದರೆ ಜರ್ಮನಿಗಿಂತ ಈ ದಾರಿ ನನಗೆ ದೂರವೆನಿಸಿತು. ಚಂದ್ರವ್ವ ನಾಲ್ಕು ಸಲ ಬಂದು ಹೋದ ದಾರಿಯಲ್ಲಿ ನಾನು ಅವಳ ಸಲುವಾಗಿ ಒಂದು ಸಲವೂ ಹೋಗಿರಲಿಲ್ಲ. ಮುರಗೋಡದಲ್ಲಿ ಮಠಕ್ಕೆ ಹೋಗುವವರು ಇಳಿದರು, ನನಗೂ ಅವರ ಜೊತೆ ಇಳಿದುಬಿಡಬೇಕು ಅನಿಸಿತು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಬೈಲಹೊಂಗಲಕ್ಕೆ ತಿರುಗಿ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್, "ಹತ್ತೋರು ಹತ್ರಿ, ಹೊತ್ತಾತು" ಎಂದು ನನ್ನ ಮುಖ ನೋಡಿಯೇ ಕೂಗಿದ. ಹೇಗೋ ರಾಮದುರ್ಗದ ಬಸ್ಸು ಹತ್ತಿದೆ.

ಸಿದ್ರಾಮ ಆಗ ಇನ್ನೂ ಜೈಲಿನಲ್ಲೇ ಇದ್ದ. ಅವನು ಹೊರಗೆ ಬಂದದ್ದು ಮರುವರ್ಷ, ಸರ್ಕಾರವೇ ಎಲ್ಲರನ್ನೂ ಬಿಟ್ಟಾಗ. ಅದರಲ್ಲಿ ಯಾವ ವಕೀಲನ ಕೈಯೂ ಇರಲಿಲ್ಲ.

ಅಂಗಡಿಯಲ್ಲಿ ಗಂಡನ ಯಂತ್ರದ ಮೇಲೆ ಚಂದ್ರವ್ವ ಹೊಲಿಯುತ್ತಿದ್ದಳು. ಹಲಗೆ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ನನ್ನನ್ನು ನೋಡಿ ಗಡಬಡಿಸಿ ಎದ್ದಳು.

"ಬರ್ರಿ ಸಾಹೇಬ್ರ, ಬರ್ರಿ, ಕುಂದರ್ರಿ! ತೊರಗಲ್ಲ ಗೌಡ್ರು ಮೊನ್ನೆ ಬಂದಿದ್ರು. ನಮ್ಮ ಅಂಗಡಿ ಮೆಟ್ಟಲಾ ಎಂದೂ ಹತ್ತದವ್ರು ಒಳಗ ಬಂದು ಕುಂತ್ರು. ಪರದೇಶದಾಗ ಬಿಳೇ ಮಂದಿ ಮುಂದ ನಮ್ಮವ್ರ ಹೆಸರ ತಗದು, ಅರ್ಜಿ ಹಾಕಿದ್ದು ಎಲ್ಲಾ ಹೇಳಿದ್ರಂತ. ಜೈಲಿಗೆ ಭೆಟ್ಟಿಗೆ ಹೋದಾಗ ನಮ್ಮವ್ರಿಗೆ ಹೇಳಿದೆ. ಎಷ್ಟ ದಿನಾ ಆಗಿತ್ತೋ ಅವರ ನಕ್ಕು. ಅವತ್ತ ನಕ್ರು."

ಅದನ್ನು ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ನೀರು ಕೊಟ್ಟಳು, ಕುಡಿದೆ. ಆಮೇಲೆ ನೆಲ ನೋಡುತ್ತ ಅಂದೆ, "ಚಂದ್ರವ್ವಾ, ನಾ ಅರ್ಜಿ ಹಾಕಿಲ್ಲ. ನಿನ್ನ ಸಹಿ ಮಾಡಿದ ಕಾಗದ ನನ್ನ ಕಪಾಟಿನ್ಯಾಗ ಅದ."

ಆಕೆಗೆ ತಿಳಿಯಲಿಲ್ಲ. "ದಿಲ್ಲಿಯಾಗ ಬಿತ್ತು ಅಂದ್ರೆಲ್ಲಾ?"

"ಬಿದ್ದದ್ದು ಬ್ಯಾರೆಯವ್ರದು. ನಿನ್ನದು ಬೈಲಹೊಂಗಲ ಬಿಟ್ಟು ಹೋಗಲೇ ಇಲ್ಲ. ಪಾಸ್‌ಪೋರ್ಟ ತಪ್ಪತದ ಅಂತ ಅಂಜಿದೆ."

ಆಕೆ ಯಂತ್ರದ ಮುಂದೆ ಕೂತು ಚಕ್ರದ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು, "ನಾ ಮೊದಲ ಬಂದಾಗ ಹಾಕಿದ್ರ, ಕೋರ್ಟಿನವ್ರು ತಗೋತಿದ್ರೇನ್ರಿ?"

"ತಗೋತಿದ್ರು. ಏನ ಆಗತಿತ್ತೋ ಗೊತ್ತಿಲ್ಲ. ಆದ್ರ ಕೇಳತಿದ್ರು."

ನಾನು ಬೈಗುಳ ಕೇಳಲು ಸಿದ್ಧನಾಗಿ ಹೋಗಿದ್ದೆ. ನಿಜ ಹೇಳಬೇಕೆಂದರೆ, ಬೈದರೆ ಅರ್ಧ ಭಾರ ಇಳಿಯುತ್ತದೆ ಎಂಬ ಆಸೆಯೂ ಇತ್ತು. ಇನ್ನು ಮುಂದೆ ಏನಾದರೂ ಮಾಡುತ್ತೇನೆ, ಬೆಂಗಳೂರಿಗೆ ಹೋಗುತ್ತೇನೆ ಎಂದು ಏನೇನೋ ಅಂದೆ. ಆಕೆ ಕೈಯೆತ್ತಿ ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ಈ ಊರ ವಕೀಲ್ರು ಇಲ್ಲ ಅಂದ್ರು. ಅವರ ಮ್ಯಾಲ ನನಗೇನೂ ಸಿಟ್ಟಿಲ್ರಿ. ಇಲ್ಲ ಅಂದಕೂಡ್ಲೆ ಎದ್ದು ನಿಮ್ಮ ಕಡೆ ಬಂದೆ. ನೀವೂ ಇಲ್ಲ ಅಂದಿದ್ರ ಧಾರವಾಡಕ್ಕ ಹೋಗತಿದ್ದೆ. ಅಲ್ಲೂ ಇಲ್ಲ ಅಂದ್ರ ಬೆಂಗಳೂರಿಗೆ ಹೋಗತಿದ್ದೆ. ಯಾರರೆ ಒಬ್ರು ಸಿಗತಿದ್ರು. ನೀವು ಹೂಂ ಅಂದ್ರಿ. ಅದಕ ನಾ ಮನ್ಯಾಗ ಕುಂತೆ."